ಗುರುವಿನ ಹೆಸರಿಗೊಂದು ಒಡಪು

ಖಗೋಳ ಭೌತಶಾಸ್ತ್ರ ಓದಲು ಏನೇನು ಬೇಕು ಎಂದು ಯಾರಾದರೂ ಕೇಳಿದರೆ ಗಣಿತ, ತಾಳ್ಮೆ ಮತ್ತು ದೊಡ್ಡ ಗಂಟಲು ಎನ್ನುತ್ತೇನೆ. ಮೊದಲಿನ ಎರಡನ್ನು ವಿಶ್ವವಿದ್ಯಾಲಯದವರೇ ಕಲಿಸಿದರು. ಮೂರನೆಯದಕ್ಕೆ ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ಒಂದು ಅಡುಗೆಮನೆಗೆ ಹೋಗಬೇಕಾಯಿತು.

ನಾನು ವಿಜಯಪುರದಲ್ಲಿ ಬಿ.ಎ. ಮಾಡಿದವಳು, ವಿಷಯ ಇತಿಹಾಸ. ಮದುವೆಯಾಗಿ ಲಂಡನ್ನಿಗೆ ಬಂದೆ. ಗಂಡ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮಗಳು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ವರ್ಷ ಅವಳ ಪಕ್ಕದಲ್ಲಿ ಕೂತು ಕೋರ್ಸುಗಳನ್ನು ನೋಡುತ್ತಿದ್ದೆ. ಅವಳು ಕಾನೂನು ಆರಿಸಿಕೊಂಡಳು, ನಾನು ಆಕಾಶ ಆರಿಸಿಕೊಂಡೆ. ವಿಜ್ಞಾನ ಓದದವರಿಗೂ ಒಂದು ದಾರಿ ಇತ್ತು. ಅದರ ಹೆಸರು ಫೌಂಡೇಶನ್ ಇಯರ್. ಪದವಿಯ ಮೊದಲ ವರ್ಷಕ್ಕೂ ಮೊದಲಿನ ಒಂದು ವರ್ಷ. ಶಾಲೆಯಲ್ಲಿ ಕಲಿಯಬೇಕಿದ್ದ ಗಣಿತ, ಭೌತಶಾಸ್ತ್ರವನ್ನೆಲ್ಲ ಆ ಒಂದು ವರ್ಷದಲ್ಲಿ ತುಂಬುತ್ತಾರೆ. ಎಲ್ಲ ವಿಷಯಗಳಲ್ಲೂ ಪಾಸಾದರೆ ಖಗೋಳ ಭೌತಶಾಸ್ತ್ರದ ಬಾಗಿಲು ತಾನಾಗಿ ತೆರೆಯುತ್ತದೆ. ಒಂದರಲ್ಲಿ ಬಿದ್ದರೂ ಮನೆಗೆ ಹೋಗಿ ಇತಿಹಾಸ ಓದಿಕೊಂಡಿರಬಹುದು.

ಲಂಡನ್ನಿನಲ್ಲಿ ನಕ್ಷತ್ರಗಳ ವಿದ್ಯೆ ಕಲಿಯುವುದೆಂದರೆ ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಈಜು ಕಲಿತಂತೆ. ಆದರೂ ಕಲಿಸುತ್ತಾರೆ. ಮೋಡದ ಕೆಳಗೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಕ್ಷತ್ರದ ಹತ್ತಿರ ಹೋಗಿ ನೋಡಿ ಬಂದವರು ಯಾರೂ ಇಲ್ಲ. ಅದರ ಬೆಳಕನ್ನು ಬಿಡಿಸಿ, ಅಲ್ಲಿ ಕಾಣುವ ಗೆರೆಗಳನ್ನು ಅಳೆದು, ಒಳಗೆ ಏನಿದೆ ಎಂದು ಹೇಳಬೇಕು. ನಾವು ಸೋಡಿಯಂ ದೀಪದಿಂದ ಶುರು ಮಾಡಿದೆವು. ಸ್ಪೆಕ್ಟ್ರೋಮೀಟರಿನ ಸಣ್ಣ ದುರ್ಬೀನಿನಲ್ಲಿ ಕಣ್ಣಿಟ್ಟರೆ ಅಂಟಿಕೊಂಡಂತೆ ನಿಂತ ಎರಡು ಹಳದಿ ಗೆರೆಗಳು ಕಾಣುತ್ತವೆ. ಕಾಣಬೇಕು.

ಪ್ರಯೋಗಶಾಲೆಯ ಮೇಲ್ವಿಚಾರಣೆಗೆ ಒಬ್ಬ ತರುಣನಿದ್ದ. ತಪ್ಪಾಯಿತು, ಒಬ್ಬ ತರುಣರಿದ್ದರು. ಗಡ್ಡ ಆಗಷ್ಟೇ ಮೂಡುತ್ತಿತ್ತು, ಕೈಯಲ್ಲಿ ಯಾವಾಗಲೂ ಸೈಕಲ್ ಹೆಲ್ಮೆಟ್. ಮೊದಲ ದಿನ ಅವರು ಒಳಗೆ ಬಂದಾಗ ನಾನು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ನಾನು ಹೊರಗೆ ಹೋಗುವವಳು ಎಂದುಕೊಂಡು ಅವರು ವಿನಯದಿಂದ ಬಾಗಿಲು ಹಿಡಿದು ನಿಂತರು. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆವು.

ಸರ್ ಎಂದು ಕರೆದೆ. ತನಗೆ ರಾಜಮನೆತನದವರು ಇನ್ನೂ ಆ ಬಿರುದು ಕೊಟ್ಟಿಲ್ಲ, ಹೆಸರು ಹಿಡಿದು ಕರೆದರೆ ಸಾಕು ಎಂದರು. ಪ್ರೊಫೆಸರ್ ಎಂದೆ. ಅದಕ್ಕೆ ಇನ್ನೂ ಬಹಳ ವರ್ಷಗಳಿವೆ ಎಂದರು. ಡಾಕ್ಟರ್ ಎಂದೆ. ಪ್ರಬಂಧ ಇನ್ನೂ ಮುಗಿದಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡರು. ನನ್ನ ಬಳಿ ಇದ್ದ ಬಿರುದುಗಳೆಲ್ಲ ಮುಗಿದವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದ ಹೆಂಗಸರು ಗಂಡನ ಹೆಸರನ್ನೂ ಗುರುಗಳ ಹೆಸರನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ. ಇದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಯಾವಾಗ ಬೇಕಾದರೂ ಸಿದ್ಧಳಿದ್ದೇನೆ. ನಾಲಿಗೆ ಸಿದ್ಧವಿಲ್ಲ. ಜಿಪಿ ಎಂದು ಇಲ್ಲಿ ಕರೆಯುವ ಬಡಾವಣೆಯ ಡಾಕ್ಟರ ಹತ್ತಿರ ಹೋದಾಗ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ನಾನು ಮಗಳ ಮುಖ ನೋಡುತ್ತಿದ್ದೆ. ಆ ಕೂಸು ಕಲಿತ ಮೊದಲ ಇಂಗ್ಲಿಷ್ ವಾಕ್ಯವೇ ‘ಮೈ ಡ್ಯಾಡೀಸ್ ನೇಮ್ ಈಸ್’ ಎಂದು ಶುರುವಾಗುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಗೆ ಮೊದಲು ತಾಲೀಮಿನ ಪರೀಕ್ಷೆ ಇಟ್ಟರು. ನಿಯಮ ಸರಳ. ಉಪಕರಣ ಹೊಂದಿಸಿ, ಹಳದಿ ಗೆರೆಗಳನ್ನು ಹಿಡಿದು, ಮೇಲ್ವಿಚಾರಕರನ್ನು ಕರೆಯಬೇಕು. ಅವರು ಬಂದು ನೋಡಿ ಸಹಿ ಹಾಕಿದ ಮೇಲೆಯೇ ಅಳತೆ ಶುರು. ಅವರಾಗಿ ಯಾರ ಬಳಿಗೂ ಬರುವಂತಿಲ್ಲ, ಬಂದರೆ ಸಹಾಯ ಮಾಡಿದಂತಾಗುತ್ತದೆ.

ಗೆರೆಗಳು ನನಗೆ ಬೇಗ ಸಿಕ್ಕವು. ನಾನು ಕೈ ಎತ್ತಿದೆ. ಎತ್ತಿದ ಮೇಲೆ ಹೊಳೆಯಿತು, ಕಿಟಕಿಗಳಿಗೆಲ್ಲ ಕಪ್ಪು ಪರದೆ ಇಳಿಬಿಟ್ಟಿದ್ದಾರೆ, ನನ್ನ ಕೈ ನನಗೇ ಕಾಣುತ್ತಿಲ್ಲ. ಸುತ್ತಲೂ ಹದಿನೆಂಟರ ಹುಡುಗ ಹುಡುಗಿಯರು ಆ ಪೂಜ್ಯರ ಹೆಸರನ್ನು ನೆರೆಮನೆಯ ಬೆಕ್ಕನ್ನು ಕರೆದಂತೆ ಕರೆಯುತ್ತಿದ್ದರು. ಗುರುಗಳು ಅತ್ತ ಹೋಗುತ್ತಿದ್ದರು, ಇತ್ತ ಹೋಗುತ್ತಿದ್ದರು. ಕೊನೆಗೆ ಧೈರ್ಯ ಮಾಡಿ ‘ಎಕ್ಸ್‌ಕ್ಯೂಸ್ ಮಿ’ ಎಂದೆ. ಕತ್ತಲಲ್ಲಿ ನಾಲ್ಕೂ ಕಡೆಯಿಂದ ‘ಸಾರಿ’ ಎಂಬ ದನಿ ಬಂತು, ಕುರ್ಚಿಗಳು ಸರಿದವು, ನನಗೆ ದಾರಿ ಸಿಕ್ಕಿತು. ಮೇಲ್ವಿಚಾರಕರು ಮಾತ್ರ ಬರಲಿಲ್ಲ. ಹೊತ್ತು ಮುಗಿದು ದೀಪ ಹಾಕಿದಾಗ ನನ್ನ ಹಾಳೆಯಲ್ಲಿ ಸಹಿಯೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಕರೆದಿದ್ದರೆ ಬರುತ್ತಿದ್ದೆನಲ್ಲ ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಮುಂದಿನ ಪರೀಕ್ಷೆ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಹೀಗಾದರೆ ಪದವಿಗೆ ಸೇರಿಸಿಕೊಳ್ಳುವುದಿಲ್ಲ ಎಂದೂ ಹೇಳಿದರು.

ಮಗಳಿಗೆ ಹೇಳಿದೆ. ‘ಮಮ್ಮೀ, ಇಟ್ಸ್ ಜಸ್ಟ್ ಎ ನೇಮ್’ ಎಂದಳು. ಕಾನೂನು ಓದುವವರಿಗೆ ಎಲ್ಲವೂ ಜಸ್ಟ್.

ಆ ಭಾನುವಾರ ಇಲ್ಫರ್ಡಿನಲ್ಲಿ ಬೆಳಗಾವಿಯ ಅಕ್ಕನವರ ಮನೆಯಲ್ಲಿ ಊಟವಿತ್ತು. ನಮ್ಮ ಕಡೆಯ ಹೆಂಗಸರಿಗೆ ಅವರೇ ಸುಪ್ರೀಂ ಕೋರ್ಟು. ಎಣಗಾಯಿಗೆ ಬದನೆಕಾಯಿ ಸೀಳುತ್ತ ನನ್ನ ಪ್ರಕರಣವನ್ನು ಮಂಡಿಸಿದೆ. ಜೊತೆಗೆ ಮೈಸೂರಿನ ಡಾಕ್ಟರೊಬ್ಬರ ಹೆಂಡತಿ ಕೂತಿದ್ದರು.

“ನಾನು ನಮ್ಮೆಜಮಾನ್ರನ್ನ ಹೆಸರು ಹಿಡಿದೇ ಕರೀತೀನಪ್ಪ,” ಎಂದರು ಅವರು. “ಕೆಲವು ಸಲ ಬರ್ತಾರೆ, ಕೆಲವು ಸಲ ಬರಲ್ಲ.”

ಅಕ್ಕನವರು ಬದನೆಕಾಯಿ ಕೆಳಗಿಟ್ಟರು. “ಇಷ್ಟಕ್ಕ ಯಾಕ ಮಾರಿ ಸಪ್ಪಗ ಮಾಡ್ಕೊಂಡೀಯವಾ? ಒಡಪು ಹಾಕು.”

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳು ಎನ್ನುತ್ತಾರೆ. ಬರೀ ಹೆಸರು ಹೇಳುವ ಹಾಗಿಲ್ಲ. ಪ್ರಾಸ ಕಟ್ಟಿದ ಒಂದೆರಡು ಸಾಲು ಹೇಳಿ, ಅದರ ಬಾಲಕ್ಕೆ ಹೆಸರನ್ನು ಜೋಡಿಸಬೇಕು. ಅದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ.

ಅದು ಗಂಡನಿಗೆ ಮಾತ್ರವಲ್ಲವೇ ಎಂದು ನಾನು ತಕರಾರು ತೆಗೆದೆ.

“ಬ್ಯಾರೇದವ್ರಿಗೆ ಹಾಕಬಾರ್ದು ಅಂತ ಎಲ್ಲಿ ಐತಿ, ತೋರಸು,” ಎಂದರು ಅಕ್ಕನವರು. “ಖರೆ, ಚಂದ ಇರಬೇಕು. ಹರಕು ಒಡಪು ಹಾಕಿ ಗುರುವಿನ ಮರ್ಯಾದಿ ಕಳೀಬ್ಯಾಡ.”

ತೀರ್ಪು ಬಂದಾಯಿತು. ಮುಂದಿನ ದಿನಗಳಲ್ಲಿ ಎಲಿಜಬೆತ್ ಲೈನಿನ ರೈಲಿನಲ್ಲಿ ಕೂತು ನಾನು ಪ್ರಾಸ ಹುಡುಕಿದೆ. ಬ್ಯಾಗಿನಲ್ಲಿದ್ದ ತ್ರಿಕೋನಮಿತಿ ಬ್ಯಾಗಿನಲ್ಲಿಯೇ ಉಳಿಯಿತು. ತುಟಿ ಅಲ್ಲಾಡುವುದನ್ನು ನೋಡಿ ಪಕ್ಕದವರು ಎದ್ದು ಬೇರೆ ಕಡೆ ಕೂತರು. ಅದರಿಂದ ನನಗೆ ಅನುಕೂಲವೇ ಆಯಿತು.

ಪರೀಕ್ಷೆಯ ದಿನ ಫೆಬ್ರವರಿಯ ಚಳಿ. ಪರದೆ ಇಳಿಯಿತು, ದೀಪ ಆರಿತು. ಸ್ಕ್ರೂ ತಿರುಗಿಸುತ್ತ ಹೋದೆ. ಗೆರೆಗಳು ಮೊದಲು ಒಂದಾಗಿ ಕಂಡವು, ಆಮೇಲೆ ಮಾಯವಾದವು, ಆಮೇಲೆ ಎರಡಾಗಿ ಬಂದು ನಿಂತವು. ಆಗಲೇ ಅತ್ತಿತ್ತ ಹೆಸರು ಕೂಗುವುದು ಶುರುವಾಗಿತ್ತು. ನಾನು ಸೆರಗಿಲ್ಲದ ಜಾಕೆಟ್ಟನ್ನೇ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಹೇಳಿದೆ:

“ಸೋಡಿಯಂ ದೀಪಕ್ಕ ಹಳದಿ ಗೆರಿ ಎರಡ,
ನೋಡಿ ನೋಡಿ ಆತು ನನ್ನ ಕಣ್ಣು ಕುರುಡ,
ಬಂದು ಸಹಿ ಹಾಕ್ರೆಪಾ ಲಗೂನ—”

ಹಿಂದೆಯೇ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಡಪಿಲ್ಲದೆ ಬರೆಯುವಷ್ಟು ನಾನಿನ್ನೂ ಮುಂದುವರಿದಿಲ್ಲ.

ಹಿತ್ತಲಿನಾಚೆಯ ಮನೆಯವರನ್ನು ಕರೆದು ಬೆಳೆದ ಗಂಟಲು ನನ್ನದು. ಕತ್ತಲಲ್ಲಿ ಒಂದು ಸ್ಟೂಲು ಉರುಳಿದ ಸದ್ದಾಯಿತು, ಮರುಕ್ಷಣ ಗುರುಗಳು ಮೊಣಕಾಲು ತಿಕ್ಕಿಕೊಳ್ಳುತ್ತ ನನ್ನ ಪಕ್ಕದಲ್ಲಿದ್ದರು. ದುರ್ಬೀನಿಗೆ ಕಣ್ಣಿಟ್ಟು ನೋಡಿ, ‘ಲವ್ಲಿ’ ಎಂದು ಸಹಿ ಹಾಕಿದರು. ಮೊದಲು ಹೇಳಿದ್ದು ಪ್ರಾರ್ಥನೆಯೇ ಎಂದು ಪಿಸುದನಿಯಲ್ಲಿ ಕೇಳಿದರು. ಹೆಚ್ಚು ಕಡಿಮೆ ಹಾಗೆಯೇ ಎಂದೆ. ಉಳಿದ ಹೊತ್ತಿನಲ್ಲಿ ಕೋನಗಳನ್ನು ಅಳೆದು ಬರೆದೆ.

ಫಲಿತಾಂಶ ಬಂದ ಸಂಜೆ ಅಡುಗೆಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮ ಮನೆಯ ಡಾಕ್ಟರಿಗೆ ಪಾಸಾದೆ ಎಂದು ಹೇಳಿದೆ. ಅವರಿಗೆ ಸಂತೋಷವಾಯಿತು. ರೊಟ್ಟಿ ಮುರಿದರು, ಪಲ್ಯ ಹಚ್ಚಿಕೊಂಡರು, ತಟ್ಟೆಯನ್ನೇ ನೋಡುತ್ತ ಕೇಳಿದರು:

“ಆ ಹುಡುಗನ ಹೆಸರಿಗೆ ಕತ್ತಲದಾಗ ಒಡಪು ಹಾಕಿದಿ ಅಂತ. ಅಕ್ಕಾರು ಹೇಳಿದ್ರು.”

“ಹೂಂ ರೀ.”

“ನನ್ನ ಹೆಸರಿಗೆ ಹಾಕಿ ಎಷ್ಟು ವರ್ಷ ಆತು?”

“ಲಗ್ನದಾಗ ಹಾಕಿದ್ನೆಲ್ಲ.”

“ಅದು ನಿಮ್ಮ ಅತ್ಯಾ ಕಟ್ಟಿಕೊಟ್ಟಿದ್ದು. ನೀ ಕಟ್ಟಿದ್ದಲ್ಲ.”

ಅದು ನಿಜ. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿರುವಾಗ ಅವರು ಎದ್ದು ಹೋಗಿ ಅಡುಗೆಮನೆಯ ದೀಪ ಆರಿಸಿದರು, ತಡವರಿಸಿಕೊಂಡು ಬಂದು ಮತ್ತೆ ಕುರ್ಚಿಯಲ್ಲಿ ಕೂತರು.

“ಈಗ ಹೇಳು,” ಎಂದರು.

ಈಗ ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೇನೆ, ಬಹಳ ಕಠಿಣವಾದ ಲೆಕ್ಕಗಳನ್ನು ಮಾಡುತ್ತೇನೆ. ಆದರೆ ಆ ಸಂಜೆ ಎರಡು ಸಾಲು ಹೊಂದಿಸಲು ಹಿಡಿದಷ್ಟು ಹೊತ್ತು ಯಾವ ಲೆಕ್ಕಕ್ಕೂ ಹಿಡಿದಿಲ್ಲ. ಅಷ್ಟು ಹೊತ್ತೂ ಡಾಕ್ಟರು ಕತ್ತಲಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದರು.