ಹಾರನ್‌ಗೊಂದು ಬೇರೆ ಬ್ಯಾಟರಿ

“ದೋಣಿಗೆ ವೈರಿಂಗ್ ಮಾಡಾಕ ಹೊಂಟೇನಿ” ಅಂದೆ. ನನ್ನ ಹೆಂಡತಿ ದೋಸೆ ಹುಯ್ಯುವುದನ್ನು ಬಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

“ಜ್ವರ ಏನಿಲ್ಲಲ್ಲ. ಬಂಗಾರಪೇಟಿಯೊಳಗ ದೋಣಿ ಎಲ್ಲಿಂದ ಬಂತ್ರೀ?”

ಅವಳ ತಪ್ಪಿಲ್ಲ. ಗದಗಿನ ಕಡೆಯಿಂದ ಕೆಜಿಎಫ್‌ನ ಫ್ಯಾಕ್ಟರಿ ಕೆಲಸಕ್ಕೆಂದು ನಾವು ಇಲ್ಲಿಗೆ ಬಂದಾಗ ಈ ಸೀಮೆಯಲ್ಲಿ ಕೆರೆ ಅಂದರೆ ಹುಡುಗರು ಕ್ರಿಕೆಟ್ ಆಡುವ ಜಾಗ. ಈಚೆಗೆ ಕೆಲವು ವರ್ಷಗಳಿಂದ ಅವೇ ಕೆರೆಗಳಲ್ಲಿ ನೀರು ನಿಂತಿದೆ. ನೀರು ಬಂತು, ಮೀನು ಬಂತು, ಮೀನಿನ ಹಿಂದೆ ದೋಣಿಯೂ ಬಂತು. ರಿಟೈರ್ ಆಗಿ ಮನೆಯಲ್ಲಿ ಕೂತು ದಿನವಿಡೀ ಮೊಬೈಲ್ ಒತ್ತುವ ನನ್ನಂಥವನಿಗೆ ಒಂದು ಕೆಲಸವೂ ಬಂತು.

ಕೆಲಸ ತಂದವನು ಮುನಿಯಪ್ಪ. ಬೂದಿಕೋಟೆ ಪಕ್ಕದ ಹಳ್ಳಿಯವನು. ಊರ ಕೆರೆಯಲ್ಲಿ ಮೀನು ಹಿಡಿದು ಬಂಗಾರಪೇಟೆಗೆ ತಂದು ಮಾರುತ್ತಾನೆ. ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ನಮ್ಮಿಬ್ಬರ ಪರಿಚಯ. ಹೋದ ವರ್ಷ ಮೊಪೆಡ್‌ನಿಂದ ಬಿದ್ದು ಬಲಗಡೆಯ ಭುಜ ಕೆಡಿಸಿಕೊಂಡಿದ್ದ.

“ತೋಳು ತಿರುಗಲ್ಲ ಸಾ. ದೋಣಿ ಎಂಗ್ ನಡಸ್ಲಿ? ಒಂದು ಕರೆಂಟ್ ಮೋಟ್ರು ತಂದಿದೀನಿ. ನೀವು ವೈರ್ ಎಳ್ಕೊಟ್ರೆ ಬದುಕ್ಕೊಂತೀನಿ.”

ಇಂಥ ಮಾತು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? (ಅನ್ನುವ ಮನಸ್ಸೂ ಇರಲಿಲ್ಲ ಬಿಡಿ.) ಮೂವತ್ತು ವರ್ಷ ಮಣ್ಣು ಅಗೆಯುವ ದೈತ್ಯ ಗಾಡಿಗಳಿಗೆ ವೈರಿಂಗ್ ಮಾಡಿದವನು ನಾನು. ಹತ್ತು ಅಡಿಯ ಫೈಬರ್ ದೋಣಿ ಯಾವ ಲೆಕ್ಕ?

ದೋಣಿಯ ಹತ್ತಿರ ಹೋದರೆ ಅಲ್ಲಿ ಒಂದಲ್ಲ, ಎರಡು ಬ್ಯಾಟರಿ ಇದ್ದವು. ಒಂದು ಹೊಸದು, ಮೋಟಾರಿಗೆಂದು ತಂದದ್ದು. ಇನ್ನೊಂದು ಹಳೆಯದು. ಅದನ್ನು ಮುನಿಯಪ್ಪನ ಹೆಂಡತಿ ನಾಗಮ್ಮ ತನ್ನ ತಮ್ಮನ ಗೂಡ್ಸ್ ಆಟೋದಿಂದ ಬಿಚ್ಚಿಸಿ ತಂದಿದ್ದಳು. ಜೊತೆಗೆ ಒಂದು ಸ್ಕೂಟರ್ ಹಾರನ್.

“ಅಣ್ಣಾ, ಆರನ್‌ಗೆ ಬೇರೇದೇ ಬ್ಯಾಟ್ರಿ ಇಕ್ಕಬೇಕು. ಮೋಟ್ರಿಗೂ ಅದಕ್ಕೂ ಸಂಬಂದ ಇರಬಾರ್ದು.”

ಚಳಿಗಾಲದ ಬೆಳಿಗ್ಗೆ ಕೆರೆಯ ಮೇಲೆ ಮಂಜು ಕೂತರೆ ಕಟ್ಟೆಯಿಂದ ನಾಲ್ಕು ಮಾರು ಆಚೆ ಏನೂ ಕಾಣುವುದಿಲ್ಲ. ಮುನಿಯಪ್ಪ ಮೊದಲೊಮ್ಮೆ ಫೋನ್ ನೀರಿಗೆ ಬೀಳಿಸಿದ್ದರಿಂದ ಈಗ ಅದನ್ನು ಹೆಂಡತಿಯ ಕೈಯಲ್ಲೇ ಕೊಟ್ಟು ಹೋಗುತ್ತಾನೆ. ಆ ಭುಜ ಇಟ್ಟುಕೊಂಡು ಈಜುವ ಹಾಗೂ ಇಲ್ಲ. ಆದ್ದರಿಂದ ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಂದೊಂದು ಬಲೆ ಎತ್ತಿದಾಗಲೂ ಅವನು ಒಮ್ಮೆ ಹಾರನ್ ಒತ್ತಬೇಕು. ಕಟ್ಟೆಯ ಮೇಲೆ ಕೂತ ಇವಳಿಗೆ ಅದು ಕೇಳಬೇಕು. ಅಷ್ಟಿದ್ದರೆ ಮಾತ್ರ ಅವನು ನೀರಿಗೆ ಇಳಿಯಬಹುದು.

ನಾನು ಆಯ್ತಮ್ಮ ಅಂದೆ. ಮನಸ್ಸಿನಲ್ಲಿ ನಕ್ಕೆ.

ಯಾಕೆ ಹೇಳಿ? ನಮ್ಮ ಫ್ಯಾಕ್ಟರಿಯ ಗಾಡಿಗಳಲ್ಲಿ ಎರಡು ಬ್ಯಾಟರಿ ಇದ್ದರೆ ಅವನ್ನು ಜೋಡಿಸಿಯೇ ಇರುತ್ತೇವೆ. ನನ್ನ ಕೈಗೆ ಬೇರೆ ಅಭ್ಯಾಸವೇ ಇಲ್ಲ. ಅದೂ ಅಲ್ಲದೆ, ಒಂದು ಪುಟಾಣಿ ಹಾರನ್‌ಗೆ ಅಷ್ಟು ದೊಡ್ಡ ಬ್ಯಾಟರಿ ಸುಮ್ಮನೆ ಕೂತಿರುವುದು ನನ್ನ ಕಣ್ಣಿಗೆ ಹಿಡಿಸಲಿಲ್ಲ. ಐಡಲ್ ಅನ್ನುವ ಪದ ಕೇಳಿದರೇ ಆಗದ ಜಾಗದಲ್ಲಿ ಆಯಸ್ಸು ಕಳೆದವನು ನಾನು. ದಪ್ಪ ಕೇಬಲ್ ಹಾಕಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿಬಿಟ್ಟೆ. ಮೋಟಾರು ಇನ್ನಷ್ಟು ಹೊತ್ತು ಓಡುತ್ತದೆ, ಹಾರನ್ನೂ ಕೂಗುತ್ತದೆ. ಇನ್ನೇನು ಬೇಕು?

ಹಳೇ ಬ್ಯಾಟರಿಯನ್ನು ಹೊಸದರ ಜೊತೆ ಕಟ್ಟಬಾರದು, ಹಳೆಯದು ಹೊಸದನ್ನೂ ಕೆಳಕ್ಕೆ ಎಳೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಕೆಲಸಕ್ಕೆ ಸೇರಿದ ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಅದು. ನೀರಿನಲ್ಲಿ ಓಡುವ ಆಟಿಕೆ ತಾನೇ ಅನ್ನುವ ಉಡಾಫೆ. ಟ್ರಯಲ್ ಚೆನ್ನಾಗಿ ಆಯಿತು. ಮುದ್ದೆ, ಮೀನಿನ ಸಾರು ಉಂಡು ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೆ ಮುನಿಯಪ್ಪನ ನಂಬರಿನಿಂದ ಫೋನ್. ಮಾತಾಡಿದ್ದು ನಾಗಮ್ಮ.

“ಅಣ್ಣಾ, ಆರನ್ ಕೇಳಿಸ್ತಿಲ್ಲ.”

ಅಷ್ಟೇ. ಅಳಲಿಲ್ಲ, ಕೂಗಲಿಲ್ಲ. ಸ್ಕೂಟರ್ ಹತ್ತಿದೆ. ಬೂದಿಕೋಟೆ ರಸ್ತೆಯುದ್ದಕ್ಕೂ ಮಂಜು. ದಾರಿಯಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಎರಡು ದಪ್ಪ ಕೇಬಲ್‌ಗಳು ಮಾತ್ರ. ಏನಾಗಿರಬಹುದು ಅಂತ ನನಗೆ ಆಗಲೇ ಗೊತ್ತಿತ್ತು. 

ಹೋಗಿ ನೋಡಿದರೆ ನಾಗಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಎಡಗೈಯಲ್ಲಿ ಸ್ಟೀಲ್ ತಟ್ಟೆ, ಬಲಗೈಯಲ್ಲಿ ಸೌಟು. ಬಡಿಯುತ್ತಲೇ ಇದ್ದಳು. ಗಂಡನಿಗೆ ಕಟ್ಟೆ ಯಾವ ಕಡೆ ಅಂತ ಗೊತ್ತಾಗಲಿ ಎಂದು. ನಾನು ಪಕ್ಕದಲ್ಲಿ ನಿಂತೆ. ಮಾಡುವುದಕ್ಕೆ ನನಗೇನೂ ಇರಲಿಲ್ಲ. ಸೌಟು ಇಸಿದುಕೊಂಡು ಸ್ವಲ್ಪ ಹೊತ್ತು ನಾನೂ ಬಡಿದೆ.

ಬಿಸಿಲು ಏರಿ ಮಂಜು ಬಿಟ್ಟಾಗ ಆಚೆ ಜೊಂಡಿನ ಹತ್ತಿರ ದೋಣಿ ಕಾಣಿಸಿತು. ಮುನಿಯಪ್ಪ ಮೀನು ತುಂಬುವ ಬುಟ್ಟಿಯ ಮುಚ್ಚಳದಿಂದ ಎಡಗೈಯಲ್ಲಿ ನೀರು ತಳ್ಳುತ್ತಾ ಬರುತ್ತಿದ್ದ. ಒಂದೇ ಕೈ ಆದ್ದರಿಂದ ದೋಣಿ ನೆಟ್ಟಗೆ ಬಾರದೆ ತಿರುಗಿ ತಿರುಗಿ ಬರುತ್ತಿತ್ತು. ದಡ ಮುಟ್ಟುವವರೆಗೂ ನಾಗಮ್ಮ ತಟ್ಟೆ ಕೆಳಗಿಡಲಿಲ್ಲ.

“ಜೊಂಡು ಸುತ್ಕೊಂಡು ಮೋಟ್ರು ಮುಕ್ಕರೀತು ಸಾ. ನಾನೂ ಬಿಡ್ಲಿಲ್ಲ. ಆಮೇಲೆ ಆರನ್ ಒತ್ತಿದ್ರೆ ಒಂದ್ಸಲ ಕೆಮ್ಮಿ ಸುಮ್ಕಾಯ್ತು.”

ಎರಡೂ ಬ್ಯಾಟರಿ ಖಾಲಿ. ಮೋಟಾರು ತನ್ನದನ್ನೂ ತಿಂದು ಹಾರನ್‌ನದನ್ನೂ ತಿಂದಿತ್ತು. ನಾನು ಸೇರಿಸಿ ಕಟ್ಟಿದ್ದನ್ನು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನಾಗಮ್ಮ ಸೀರೆ ಹಿಂಡಿಕೊಳ್ಳುತ್ತಾ ತನ್ನ ಅಪ್ಪನ ಮಾತು ತೆಗೆದಳು.

ಆಕೆ ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಮೈನ್ಸ್ ಲೈನಿನಲ್ಲಿ, ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದವನು.

“ತಲೆ ಮೇಲೆ ಲೈಟ್ ಇರ್ತಿತ್ತು. ಆದ್ರೂ ಅಮ್ಮ ಊಟದ ಡಬ್ಬಿ ಜೊತೆ ಒಂದು ಮೇಣದಬತ್ತಿ, ಒಂದು ಬೆಂಕಿಪೊಟ್ನ ಕಟ್ಟಿ ಕಳಿಸೋಳು. ಸಾಯಂಕಾಲ ಬಂದ್ರೆ ಮೊದ್ಲು ಗಂಟು ಬಿಚ್ಚಿ ಬತ್ತಿ ನೋಡೋಳು. ತುದಿ ಕಪ್ಪಗಾಗಿದ್ರೆ ಅವತ್ತು ಮನೇಲಿ ಜಗಳ. ಅದು ಕೆಲ್ಸ ಮಾಡಕ್ಕಲ್ಲ ಅಣ್ಣಾ, ಮನೆಗ್ ಬರಕ್ಕೆ.”

ಇಷ್ಟು ಚೆನ್ನಾಗಿ ವೈರಿಂಗ್ ಪಾಠ ನನಗೆ ಯಾರೂ ಹೇಳಿರಲಿಲ್ಲ.

ಅವತ್ತೇ ಎಲ್ಲ ಬಿಚ್ಚಿದೆ. ಮೋಟಾರಿನ ಬ್ಯಾಟರಿ ಹಿಂದೆ, ಅದಕ್ಕೆ ಅದರದೇ ಫ್ಯೂಸ್, ಅದರದೇ ಸ್ವಿಚ್. ಹಾರನ್ ಬ್ಯಾಟರಿ ಮುಂದೆ, ದೋಣಿಯ ತಳದಲ್ಲಿ ನಿಲ್ಲುವ ನೀರು ತಾಕದಂತೆ ಹಲಗೆಯ ಮೇಲೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಅದಕ್ಕೂ ಅದರದೇ ಫ್ಯೂಸ್. ಮನೆಯಲ್ಲಿ ಚಾರ್ಜ್ ಹಾಕುವುದೂ ಬೇರೆ ಬೇರೆ. ಎರಡರ ನಡುವೆ ಒಂದು ಎಳೆ ತಂತಿಯೂ ಇಲ್ಲ. ಡಬ್ಬಿಯ ಒಳಗೆ ಒಂದು ಸಣ್ಣ ವೋಲ್ಟ್ ಮೀಟರ್ ಕೂರಿಸಿ, ಹನ್ನೆರಡೂವರೆ ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು ಅಂತ ನಾಗಮ್ಮನಿಗೆ ತೋರಿಸಿಕೊಟ್ಟೆ.

ಬರುವಾಗ ದಾರಿಯಲ್ಲಿ ಯೋಚಿಸಿದೆ. ಸುಮ್ಮನೆ ಇರುವುದನ್ನು ಕಂಡರೆ ನಮಗೇಕೆ ಇಷ್ಟು ಕಸಿವಿಸಿ? ಸೈಟು ಖಾಲಿ ಇದ್ದರೆ ಶೆಡ್ಡು. ಭಾನುವಾರ ಖಾಲಿ ಇದ್ದರೆ ಫಂಕ್ಷನ್ನು. ಮನೆಗೊಂದು ಹೆಚ್ಚಿನ ಸಿಲಿಂಡರ್ ಇದ್ದರೆ ಅದನ್ನೂ ಪಕ್ಕದ ಮನೆಯ ಮದುವೆಗೆ ಕೊಟ್ಟು ಮರೆಯುತ್ತೇವೆ. ತಾಳ್ಮೆಯನ್ನಂತೂ ಆಫೀಸಿನಲ್ಲಿ ಪೂರ್ತಿ ಖರ್ಚು ಮಾಡಿ ಖಾಲಿ ಕೈಯಲ್ಲಿ ಮನೆಗೆ ಬರುತ್ತೇವೆ. (ನನ್ನ ಹೆಂಡತಿ ಇದನ್ನು ಓದಿದರೆ ಹೌದು ಹೌದು ಅನ್ನುತ್ತಾಳೆ.)

ಹೋದ ವಾರ ಮತ್ತೆ ಹೋಗಿದ್ದೆ. ಮಂಜಿನ ಒಳಗಿನಿಂದ ಆಗಾಗ ಹಾರನ್ ಕೇಳುತ್ತಿತ್ತು. ನಾಗಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ದೋಣಿ ಬಂತು. ಆಕೆ ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆಗೆದು ಮೀಟರ್ ನೋಡಿದಳು. ಮುಚ್ಚಿದಳು.

“ನೋಡಿ ಸಾ, ಮೀನು ಎಷ್ಟ್ ಬಿತ್ತು ಅಂತ ಕೇಳಲ್ಲ” ಅಂದ ಮುನಿಯಪ್ಪ. “ಮೊನ್ನೆ ಆ ಬ್ಯಾಟ್ರೀಲಿ ಒಂಚೂರು ರೇಡಿಯೋ ಆಕಿದ್ದಕ್ಕೆ ಎರಡು ದಿನ ಮಾತಾಡ್ಲಿಲ್ಲ ಇವಳು.”

“ರೇಡಿಯೋ ಬೇಕಂದ್ರೆ ಮನೇಲಿ ಕೇಳ್ಲಿ” ಅಂದಳು ನಾಗಮ್ಮ, ನನ್ನ ಕಡೆ ನೋಡಿ.

ನಗುತ್ತಾ ಮನೆಗೆ ಬಂದೆ. ಇದನ್ನೆಲ್ಲ ಹೆಂಡತಿಗೆ ಹೇಳಿ, ದೋಣಿಯ ಫೋಟೋ ತೋರಿಸೋಣ ಅಂತ ಮೊಬೈಲ್ ತೆಗೆದೆ. ಅದು ಆಫ್ ಆಗಿತ್ತು. ಹಿಂದಿನ ರಾತ್ರಿಯೆಲ್ಲ ಯಾವುದೋ ವಿಡಿಯೋ ನೋಡಿ ಚಾರ್ಜ್ ಮುಗಿಸಿದ್ದೆ.

ಅವತ್ತು ಬೆಳಿಗ್ಗೆ ಏಳು ಗಂಟೆಗೆ ನಾಗಮ್ಮ ಫೋನ್ ಮಾಡಿದಾಗಲೂ ಇದು ಹೀಗೇ ಸತ್ತು ಬಿದ್ದಿದ್ದರೆ?