ತಮ್ಮನಿಲ್ಲದ ಡ್ರಮ್ಮಿನ ಸಪ್ಪಳ

ಸಾಯುವವರ ಸಪ್ಪಳ ತಮ್ಮವರ ಕಿವಿಗೆ ಬೀಳುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಂಥ ಮಾತು ಬಂದಾಗ ನಾನು ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ನಾನು ಕಲಿತದ್ದು ಅಡರಕಟ್ಟಿಯ ಹಳ್ಳಿ ಶಾಲೆಯಲ್ಲಿ ಮಾತ್ರ, ಆದರೂ ಇಂಥದ್ದನ್ನು ನಂಬುತ್ತಿರಲಿಲ್ಲ. ಮಕ್ಕಳೇ, ಈಗ ಬರೆಯುವುದನ್ನು ನೀವೂ ನಂಬಲೇಬೇಕೆಂದು ನನ್ನ ಹಟವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮಜ್ಜ ಬೆಟಗೇರಿಯಲ್ಲಿ ಹಗಲು ಮಗ್ಗ ನೇಯುತ್ತಿದ್ದರು, ಸಂಜೆ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ನನ್ನ ತಮ್ಮ ಬಸವರಾಜ ಅಲ್ಲೇ ಡ್ರಮ್ ಬಾರಿಸುತ್ತಿದ್ದ. ಸಿನಿಮಾ ಹಾಡು ಸಾಕು, ರಾಕ್ ಧಾಟಿಯಲ್ಲಿ ನಮ್ಮದೇ ಹಾಡು ಹಾಡೋಣ ಎಂದು ನಿಮ್ಮಜ್ಜ ಮತ್ತು ಇನ್ನಿಬ್ಬರು ಹೊರಬಿದ್ದು ಹೊಸ ತಂಡ ಮಾಡಿದರು. ಆ ಹಾಡುಗಳನ್ನು ಹೊಸೆದದ್ದು ತಮ್ಮನ ಜೊತೆಯಲ್ಲೇ. ಆದರೆ ತನಗೆ ಡ್ರಮ್ ಕಲಿಸಿದ ಆರ್ಕೆಸ್ಟ್ರಾದ ಮಾಸ್ತರರನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮಾತಿಗೆ ಮಾತು ಬೆಳೆಯಿತು. “ಇನ್ನ ನಿಮ್ಮ ಮನಿ ಹೊಸ್ತಿಲಾ ತುಳಿಯೂದಿಲ್ಲ ಮಾವಾ” ಎಂದು ಹೋದವನು ಯುಗಾದಿಗೂ ಬರಲಿಲ್ಲ. ತವರಿನವನೆಂದು ನನಗಿದ್ದವನು ಅವನೊಬ್ಬನೇ.

ಹೊಸ ತಂಡದ ಮೊದಲ ಕಾರ್ಯಕ್ರಮ ಲಕ್ಷ್ಮೇಶ್ವರದಲ್ಲಿ. ಡ್ರಮ್ ಬಾರಿಸುವವರು ಸಿಗದೆ ಮೂವರೇ ಗಿಟಾರ್ ಹಿಡಿದು ನಿಂತರು. ನಾನು ಹೆಂಗಸರ ಸಾಲಿನ ಕೊನೆಗೆ ಸೆರಗು ಹೊದ್ದು ಕೂತಿದ್ದೆ. ಎರಡನೆಯ ಹಾಡಿಗೆ ಡ್ರಮ್ ಕೇಳಿಸಿತು. ವೇದಿಕೆಯ ಮೇಲೆ ಡ್ರಮ್ಮೇ ಇರಲಿಲ್ಲ. ಹಾಡಿನ ಸಾಲು ಮುಗಿಯುವಲ್ಲಿ ಒಂದು ಪೆಟ್ಟು ಬಿಟ್ಟು, ಆಮೇಲೆ ಎರಡು ಒಟ್ಟಿಗೆ ಹಾಕುವುದು ತಮ್ಮನ ರೂಢಿ. ಚಿಕ್ಕವನಿದ್ದಾಗ ಜೋಳದ ಡಬ್ಬಿ ಬಡಿಯುತ್ತಿದ್ದುದೂ ಹಾಗೆಯೇ. ಈಗ ಕೇಳಿದ್ದೂ ಅದೇ. ಪಕ್ಕದಲ್ಲಿದ್ದ ಹೆಂಗಸು ಅದಕ್ಕೆ ಕಾಲು ಕುಣಿಸುತ್ತಿದ್ದಳು. ನನಗೆ ಅಜ್ಜಿಯ ಮಾತು ನೆನಪಾಯಿತು.

ಮನೆಗೆ ಬಂದ ಮೇಲೆ ನಿಮ್ಮಜ್ಜ “ನಿನಗೂ ಕೇಳ್ತೇನು?” ಎಂದು ಕೇಳಿದರು. ತಮ್ಮ ಅಂದು ಹಳೆಯ ತಂಡದೊಡನೆ ಮುಂಡರಗಿಗೆ ಹೋಗಿದ್ದ. ನಮಗೆ ನಿದ್ದೆ ಬರಲಿಲ್ಲ. ಮೊದಲ ಬಸ್ಸಿಗೆ ಅಲ್ಲಿಗೆ ಹೊರಡಬೇಕೆಂದು ಬಾಗಿಲು ತೆಗೆದರೆ, ಕಟ್ಟೆಯ ಮೇಲೆ ಅವನೇ ಕೂತಿದ್ದ.

“ಅಕ್ಕಾ, ಚಾ ಮಾಡ.”

ಅವನ ಮುಖ, ಕೈ ಮುಟ್ಟಿ ನೋಡಿ ನಾನು ಅತ್ತುಬಿಟ್ಟೆ.

“ಏನಾತಬೇ? ನಾ ಸತ್ತೀನೇನ, ಹಿಂಗ ಅಳಾಕತ್ತೀದಿ!”

ನಿಮ್ಮಜ್ಜ ನನ್ನ ಹಿಂದಿನಿಂದ, “ಯಾಕಲೇ ಬಸ್ಯಾ, ಹಳೇ ಮಂದಿ ಚಾ ಕೊಡೂದಿಲ್ಲೇನು?” ಎಂದರು.

“ಕೊಡ್ತಾರ ಮಾವಾ. ನಿನ್ನಿ ಕೈ ನನ್ನ ಮಾತ ಕೇಳ್ಲಿಲ್ಲ. ಅವರ ಹಾಡಿಗೆ ನಿಮ್ಮ ಹಾಡಿನ ಪೆಟ್ಟ ಬೀಳಾಕತ್ತಿತ್ತು. ಮಾಸ್ತರ ‘ಹೋಗಪಾ, ನಿನ್ನ ಮಂದಿ ಕೂಡ ಇರ ಹೋಗು’ ಅಂದ್ರು. ಲಾರಿ ಹತ್ತಿ ಬಂದೆ.”

ನಾವು ಕೇಳಿದ್ದನ್ನು ಹೇಳಿದೆವು. “ಹಂಗಾರ ನಾ ಬರೂದ ಬ್ಯಾಡಾಗಿತ್ತಲ್ಲ!” ಎಂದು ನಕ್ಕ. ನಕ್ಕವನು ತನ್ನ ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

ಅಂದು ಬಾರಿಸಿದ್ದು ಯಾರೆಂದು ನನಗೆ ಇಂದಿಗೂ ತಿಳಿಯದು. ನಿಮ್ಮಜ್ಜ ಇದ್ದಾಗ ಈ ಮಾತು ತೆಗೆದರೆ ಗಿಟಾರಿನ ತಂತಿ ಬಿಗಿಯುತ್ತ ಕೂರುತ್ತಿದ್ದರು. ಆ ಬೆಳಗು ಮಾತ್ರ ಕಣ್ಣಿಗೆ ಕಟ್ಟಿದೆ. ತಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ಚಹಾ ಕುದಿಯುವವರೆಗೆ ನನ್ನ ಜೋಳದ ಡಬ್ಬಿಯ ಮೇಲೆ ಬೆರಳಾಡಿಸುತ್ತಿದ್ದ. ಒಂದು ಪೆಟ್ಟು ಬಿಟ್ಟು, ಎರಡು ಒಟ್ಟಿಗೆ. ಈ ಸಲ ಬಾರಿಸುವವನು ನನ್ನ ಕಣ್ಣೆದುರಿಗೇ ಇದ್ದ.