ನಡುವಿನ ಚೀಟಿ

ಅವಳ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಸರ್ಕಾರದ ಆದಾಯ ಗಣತಿಗೆಂದು ಇಪ್ಪತ್ತೆರಡು ವರ್ಷ ಹಳ್ಳಿಹಳ್ಳಿ ಸುತ್ತಿ, ಕಂಡವರ ಬಾಗಿಲಲ್ಲಿ ಕೂತು "ವರ್ಷಕ್ಕೆ ಎಷ್ಟು ಬರುತ್ತೆ?" ಎಂದು ಕೇಳಿದವಳಿಗೆ ಜನ 'ಎಷ್ಟಕ್ಕ' ಎಂದೇ ಹೆಸರಿಟ್ಟುಬಿಟ್ಟಿದ್ದರು. ಅದಕ್ಕವಳು ಮುಖ ಊದಿಸಿಕೊಳ್ಳಲಿಲ್ಲ. ಇಲ್ಲದವರು ನಾಚಿಕೆಗೆ ಹೆಚ್ಚು ಹೇಳುತ್ತಾರೆ, ಉಳ್ಳವರು ಭಯಕ್ಕೆ ಕಡಿಮೆ ಹೇಳುತ್ತಾರೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಬಾಗಿಲ ಬಳಿಯ ಚಪ್ಪಲಿಗಳ ಮೇಲೊಮ್ಮೆ ಕಣ್ಣಾಡಿಸಿ, ಇನ್ನೊಂದು ಸಲ ಕೇಳಿ, ಆಮೇಲೆ ಬರೆದುಕೊಳ್ಳುವಳು.

ಲಾಟರಿ ಎತ್ತಿ ಆರಿಸಿದ, ವರ್ಷವರ್ಷವೂ ಹೋಗಿ ಕೇಳಬೇಕಾದ ಮನೆಗಳ ಪಟ್ಟಿಯಲ್ಲಿ ಅವಳ ಮನೆಯೂ ಇತ್ತು. ಅಲ್ಲಿದ್ದವರು ಅವಳು ಮತ್ತು ಅಕ್ಕ, ಇಬ್ಬರೇ. ಆದರೂ ಪೆನ್ನು ಹಿಡಿದು ಅಕ್ಕನೆದುರು ಕೂತು ಗಂಭೀರವಾಗಿ ಕೇಳುವಳು.

"ನಿನ್ನ ಸಂಬಳ ನಿನಗೇ ಗೊತ್ತಿಲ್ವೇನೇ? ತಲೆ ತಿನ್ಬೇಡ ಹೋಗು!" ಎಂದು ಅಕ್ಕ ಬೈಯುವಳು.

ಬೇಸಿಗೆಯ ಕೊನೆಗೆ, ಮನೆಗೊಂದರಂತೆ ಆದಾಯ ಬರೆದ ಚೀಟಿಗಳೆಲ್ಲ ಕಚೇರಿಯ ಉದ್ದನೆಯ ಮೇಜಿನ ಮೇಲೆ ಸಾಲಾಗುತ್ತಿದ್ದವು, ಕಡಿಮೆ ಆದಾಯದಿಂದ ಹೆಚ್ಚಿನದಕ್ಕೆ. ನೂರೊಂದು ಮನೆಯಿದ್ದರೆ ಐವತ್ತೊಂದನೆಯದು ನಡುವಿನ ಚೀಟಿ. ಅದರಲ್ಲಿ ಬರೆದದ್ದೇ ಇಡೀ ಸೀಮೆಯ ಅಂಕಿ. ಸರಾಸರಿ ತೆಗೆದರೆ ಗಿರಣಿ ಸಾಹುಕಾರನೊಬ್ಬನೇ ಎಲ್ಲರನ್ನೂ ಎತ್ತಿ ಅಟ್ಟದ ಮೇಲೆ ಕೂರಿಸಿಬಿಡುತ್ತಾನೆ. ನಡುವಿನ ಚೀಟಿ ಮಾತ್ರ ಅವನು ಜಪ್ಪಯ್ಯ ಅಂದರೂ ಅಲುಗದು. ಅದಕ್ಕೇ ಅವಳಿಗೆ ಅದರ ಮೇಲೆ ಅಷ್ಟು ನಂಬಿಕೆ. ಆ ಅಂಕಿ ಸರ್ಕಾರ ಎಳೆದ ಗೆರೆಯ ಕೆಳಗಿರುವವರೆಗೆ ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾನು ಬರುತ್ತಿತ್ತು. ಸಕ್ಕರೆ ಕಾಯಿಲೆಯಿಂದಾದ ಅಕ್ಕನ ಕಾಲಿನ ಹುಣ್ಣಿಗೆ ಕಟ್ಟು ಬದಲಾಯಿಸುತ್ತಿದ್ದವಳು ಆ ವ್ಯಾನಿನ ನರ್ಸಮ್ಮ.

ಬೀಗ ಬಿದ್ದ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಬೇಕು, ಅದು ನಿಯಮ. ವರ್ಷಕ್ಕೆ ಒಂದೋ ಎರಡೋ. ಸ್ಕೇಲಿಟ್ಟು ಕೆಂಪು ಗೀಟು ಎಳೆದು ಅವಳು ಮುಂದಿನ ಮನೆಗೆ ನಡೆಯುತ್ತಿದ್ದಳು. ಒಂದು ಚೀಟಿ ಕಡಿಮೆಯಾಯಿತಲ್ಲ ಎಂದು ಒಳಗೊಳಗೇ ಹಗುರವೂ ಆಗುತ್ತಿತ್ತು, ಸುಳ್ಳೇಕೆ!

ಆ ವರ್ಷ ಕಲ್ಲುಪುಡಿ ಕಾರ್ಖಾನೆ ಮುಚ್ಚಿತು. ನೂರೊಂದರಲ್ಲಿ ಹದಿನಾಲ್ಕು ಕೂಲಿಯವರ ಮನೆಗೆ ಬೀಗ. ಉಳಿದ ಎಂಬತ್ತೇಳು ಚೀಟಿ ಜೋಡಿಸಿ ನಲವತ್ತನಾಲ್ಕನೆಯದನ್ನು ಎತ್ತಿದಳು. ಅಂಕಿ ಗೆರೆ ದಾಟಿತ್ತು.

"ಭೇಷ್! ನಮ್ಮ ಸೀಮೆ ಮೇಲೆ ಬಂತು ಕಣಮ್ಮ," ಎಂದರು ಕಚೇರಿಯ ಸಾಹೇಬರು.

ಯಾರು ಮೇಲೆ ಬಂದರು? ಎಂಬತ್ತೇಳು ಮನೆಯನ್ನೂ ತಾನೇ ನೋಡಿ ಬಂದಿದ್ದಳಲ್ಲ! ಹಳೆಯ ಕಟ್ಟು ಬಿಚ್ಚಿ, ಅವೇ ಮನೆಗಳ ಹೋದ ವರ್ಷದ ಚೀಟಿಗಳನ್ನು ಪಕ್ಕದಲ್ಲಿ ಇನ್ನೊಂದು ಸಾಲಾಗಿ ಇಟ್ಟಳು. ಆ ಸಾಲಿನ ನಡುವಿನ ಅಂಕಿ ಈ ವರ್ಷದ್ದಕ್ಕಿಂತ ಒಂದು ಕೂದಲು ಹೆಚ್ಚೇ ಇತ್ತು.

"ನೋಡಿ ಸಾರ್, ಯಾರಿಗೂ ಏನೂ ಹೆಚ್ಚಾಗಿಲ್ಲ. ಕೆಳಗಿನ ತುದೀಲಿದ್ದೋರು ಊರು ಬಿಟ್ಟು ಹೋದ್ರು, ನಡು ತಾನಾಗೇ ಮೇಲಕ್ಕೆ ಸರೀತು. ಅಷ್ಟೇ."

ಸಾಹೇಬರು ಕೆಟ್ಟವರಲ್ಲ. ಎರಡೂ ಸಾಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ನಿಮ್ಮಕ್ಕನ ಕಾಲಿಗೋಸ್ಕರ ಅಲ್ವಾ ಇದೆಲ್ಲ?"

"ಹೌದು ಸಾರ್, ಅಕ್ಕನ ಕಾಲಿಗೂ ಹೌದು. ಹಾಗಂತ ಚೀಟಿ ಸುಳ್ಳಾಗುತ್ತಾ?"

"ಇದನ್ನ ಬರೆಯೋಕೆ ನಮೂನೇಲಿ ಕಾಲಂ ಎಲ್ಲಿದೆಯಮ್ಮ?" ಎಂದು ಅವರು ಸಹಿ ಹಾಕಿದರು.

ಎರಡು ತಿಂಗಳಲ್ಲಿ ವ್ಯಾನು ಬರುವುದೇ ನಿಂತಿತು. ಸಾಹೇಬರ ಮೇಲಿನ ಅವಳ ಸಿಟ್ಟು ನಾಲ್ಕು ದಿನಕ್ಕೆ ಇಳಿಯಿತು, ತನ್ನ ಮೇಲಿನದು ಇಳಿಯಲಿಲ್ಲ. ಇಪ್ಪತ್ತೆರಡು ವರ್ಷ ಆ ಕೆಂಪು ಗೀಟುಗಳನ್ನು ಎಳೆದ ಕೈ ಯಾರದು? ಆ ಮನೆಗಳವರು ಎಲ್ಲಿಗೆ ಹೋದರೆಂದು ಪಕ್ಕದವರನ್ನು ಒಂದು ಮಾತು ಕೇಳಿದ್ದಳೇ? ಊರಿಗೆಲ್ಲ 'ಎಷ್ಟು' ಎಂದು ಕೇಳಿದವಳು 'ಎಲ್ಲಿಗೆ' ಎಂದು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಅಕ್ಕನ ಕಾಲಿನ ಎರಡು ಬೆರಳು ಹೋಗಿದ್ದವು. ಎಷ್ಟಕ್ಕ ಕೆಲಸ ಬಿಟ್ಟು, ಪಟ್ಟಣದ ದೊಡ್ಡಾಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದಳು. ಅಕ್ಕನನ್ನು ಬಾಡಿಗೆ ಗಾಡಿಯಲ್ಲಿ ಕೂರಿಸಿ, ಮನೆಗೆ ಬೀಗ ಹಾಕಿ ತಿರುಗಿದರೆ, ಅವಳ ಜಾಗಕ್ಕೆ ಬಂದಿದ್ದ ಗಣತಿಯ ಹೆಂಗಸು ಪಟ್ಟಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಬೀಗ ನೋಡಿ ಅವಳ ಮುಖ ಸಣ್ಣದಾಯಿತು.

"ಅಕ್ಕಾ, ನಿಮ್ಮ ಮನೆಗೂ ಗೀಟು ಹೊಡೀಬೇಕಾ?"

"ಹೊಡಿ, ನಿಯಮ ಅಲ್ವಾ? ಆದ್ರೆ ಮೊದಲು ಬರ್ಕೊ. ಎಲ್ಲಿಗೆ ಹೋದ್ರು, ಯಾಕೆ ಹೋದ್ರು, ಎರಡೂ."

"ಅದಕ್ಕೆ ಜಾಗ ಇಲ್ವಲ್ಲಕ್ಕ."

"ಚೀಟಿ ಹಿಂದೆ ಖಾಲಿ ಇದೆಯಲ್ಲ, ಅಲ್ಲಿ ಬರಿ."

ಆ ಹೆಂಗಸು ಚೀಟಿಯನ್ನು ತಿರುಗಿಸಿ, ಬೀಗ ಹಾಕಿದ ಬಾಗಿಲಿಗೇ ಒತ್ತಿ ಹಿಡಿದು ಬರೆಯತೊಡಗಿದಳು. ಗಾಡಿಯವನು ಎರಡು ಸಲ ಹಾರ್ನ್ ಹೊಡೆದ. ಅವಳು ಬರೆದು ಮುಗಿಸುವವರೆಗೂ ಎಷ್ಟಕ್ಕ ಅಲ್ಲಿಂದ ಕದಲಲಿಲ್ಲ.